ಕನ್ನಡದ ಬಾಲನಟರು: ಕಂಪನಿ ನಾಟಕದಿಂದ ಕಿರುತೆರೆಯವರೆಗೆ

ಎಳೆವಯಸ್ಸಿನಲ್ಲೇ ಬಣ್ಣ ಹಚ್ಚಿ ರಂಗಭೂಮಿ, ಚಲನಚಿತ್ರ ಅಥವಾ ಕಿರುತೆರೆಯಲ್ಲಿ ಪಾತ್ರ ವಹಿಸಿದವರನ್ನು ಬಾಲನಟರು ಎನ್ನುತ್ತಾರೆ. ಕನ್ನಡದಲ್ಲಿ ಈ ಪರಂಪರೆ ಸಿನಿಮಾಕ್ಕಿಂತ ಹಳೆಯದು. ವೃತ್ತಿ ನಾಟಕ ಕಂಪನಿಗಳು ಊರಿಂದೂರಿಗೆ ತಿರುಗಲು ಶುರುಮಾಡಿದ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದಲೇ ಹುಡುಗರು ರಂಗದ ಮೇಲಿದ್ದಾರೆ. ಮುಂದೆ ಮೂಕಿ ಚಿತ್ರ, ಟಾಕಿ, ದೂರದರ್ಶನ, ಖಾಸಗಿ ವಾಹಿನಿ ಒಂದರ ಹಿಂದೊಂದು ಬಂದವು. ಪ್ರತಿಯೊಂದೂ ತನಗೆ ಬೇಕಾದ ಮಕ್ಕಳನ್ನು ಹುಡುಕಿಕೊಂಡಿತು. ಈ ಮಕ್ಕಳ ಕಥೆ ಹೇಳುವವರು ಸಾಮಾನ್ಯವಾಗಿ ಪ್ರತಿಭೆಯ ಮಾತಾಡುತ್ತಾರೆ. ಪ್ರತಿಭೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಪಾತ್ರ ಮುಗಿದ ಮೇಲೆ, ಮೀಸೆ ಮೂಡುವ ಹೊತ್ತಿಗೆ, ಆ ಮಗುವಿನ ಬೆನ್ನಿಗೆ ಯಾರಿದ್ದರು ಎಂಬುದು.

ಕಂಪನಿಯ ಹುಡುಗರು

ಸವಣೂರು, ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳ ಸೀಮೆ ನಾಟಕದ ಹುಚ್ಚಿನ ಸೀಮೆ. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ಗದಗು, ಶಿರಹಟ್ಟಿ. ಕಂಪನಿಗಳು ಹುಟ್ಟಿ ಬೆಳೆದ ಊರುಗಳೆಲ್ಲ ಒಂದು ದಿನದ ಬಂಡಿ ಹಾದಿಯ ಆಸುಪಾಸು. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಕಂಪನಿಗಳ ಕ್ಯಾಂಪು ಬೀಳುತ್ತಿತ್ತು. ತಗಡಿನ ಥಿಯೇಟರು ಏಳುತ್ತಿತ್ತು, ಹ್ಯಾಂಡ್‌ಬಿಲ್ಲು ಹಂಚುತ್ತಿದ್ದರು. ಹಗಲಲ್ಲಿ ತಾಲೀಮು ನಡೆಯುವಾಗ ಊರ ಹುಡುಗರು ತಟ್ಟಿಯ ಸಂದಿಯಲ್ಲಿ ಇಣುಕುತ್ತಿದ್ದರು. ದನಿ ಇದ್ದ ಹುಡುಗನೊಬ್ಬ ಕಂಪನಿಯ ಬೆನ್ನು ಹತ್ತಿ ಹೋದರೆ ಮನೆಯವರು ಹುಡುಕಿಕೊಂಡು ಮುಂದಿನ ಕ್ಯಾಂಪಿಗೆ ಹೋಗಬೇಕಾಗುತ್ತಿತ್ತು. ಈ ಹುಚ್ಚು ಇನ್ನೂ ಪೂರ್ತಿ ಇಳಿದಿಲ್ಲ. ಹಾನಗಲ್ಲ ತಾಲ್ಲೂಕಿನ ಶೇಷಗಿರಿ ಇವತ್ತಿಗೂ ರಂಗಗ್ರಾಮವೆಂದೇ ಹೆಸರಾದ ಹಳ್ಳಿ.

ಕಂಪನಿಗೆ ಹುಡುಗರು ಬೇಕಾಗಿದ್ದುದು ಅಲಂಕಾರಕ್ಕಲ್ಲ. ಪೌರಾಣಿಕ ನಾಟಕಗಳ ಪಟ್ಟಿ ನೋಡಿದರೆ ಸಾಕು: ಧ್ರುವ, ಪ್ರಹ್ಲಾದ, ಲೋಹಿತಾಶ್ವ, ಮಾರ್ಕಂಡೇಯ, ಬಾಲಕೃಷ್ಣ. ಹರಿಶ್ಚಂದ್ರ ನಾಟಕದಲ್ಲಿ ಲೋಹಿತಾಶ್ವನಿಗೆ ಹಾವು ಕಚ್ಚುವ ದೃಶ್ಯಕ್ಕೆ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳದಿದ್ದರೆ ಆ ರಾತ್ರಿಯ ಆಟ ಬಿತ್ತೆಂದೇ ಲೆಕ್ಕ. ಧ್ವನಿವರ್ಧಕ ಬರುವ ಮುಂಚಿನ ಕಾಲ ಅದು. ಪೆಟ್ಟಿಗೆ ಹಾರ್ಮೋನಿಯಂ ಹಿಡಿದ ಶ್ರುತಿಗೆ ಸರಿಯಾಗಿ ಕೊನೆಯ ಸಾಲಿನ ಚಾಪೆಯವನಿಗೂ ಕೇಳುವಂತೆ ಎಳೆಯ ಗಂಟಲು ಏರಬೇಕಿತ್ತು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ಸತ್ತು ಬಿದ್ದ ಹುಡುಗ ಎದ್ದು ಮತ್ತೊಮ್ಮೆ ಹಾಡಿ, ಮತ್ತೆ ಸಾಯಬೇಕು.

ಇಲ್ಲಿ ಗಮನಿಸಬೇಕಾದ್ದು ಕಂಪನಿಯ ಏಣಿ. ಎಂಟು ಹತ್ತು ವರ್ಷದ ಹುಡುಗ ಬಾಲಪಾತ್ರ ಮಾಡುತ್ತಿದ್ದ. ಸ್ವಲ್ಪ ಬೆಳೆದಾಗ, ದನಿ ಇನ್ನೂ ಒಡೆಯದಿದ್ದರೆ, ಸ್ತ್ರೀಪಾತ್ರಕ್ಕೆ ಸೀರೆ ಉಡುತ್ತಿದ್ದ. ಸಂಭಾವಿತ ಮನೆತನದ ಹೆಣ್ಣುಮಕ್ಕಳು ರಂಗಕ್ಕೆ ಬರದಿದ್ದ ಕಾಲದಲ್ಲಿ ಸೀತೆ, ದ್ರೌಪದಿ, ತಾರಾಮತಿಯರೆಲ್ಲ ಹದಿಹರೆಯದ ಹುಡುಗರೇ. ದನಿ ಒಡೆದ ಮೇಲೆ ಕೆಲವು ಕಾಲ ಬಣ್ಣದ ಮನೆಯಲ್ಲಿ, ಪರದೆಯ ಹಗ್ಗದ ಬಳಿ ಕೆಲಸ. ಗಂಟಲು ಹದಕ್ಕೆ ಬಂದರೆ ರಾಜಪಾರ್ಟು, ಬಾರದಿದ್ದರೆ ಹಾಸ್ಯ ಅಥವಾ ಖಳನ ಪಾತ್ರ. ಕೊನೆಗೆ ಹೊಸ ಹುಡುಗರಿಗೆ ಕಲಿಸುವ ಮಾಸ್ತರನ ಸ್ಥಾನ, ಅದೃಷ್ಟವಿದ್ದರೆ ಸ್ವಂತ ಕಂಪನಿ. ದುಡ್ಡು ಕಡಿಮೆ, ಬೈಗುಳ ಹೆಚ್ಚು, ಶಾಲೆಯಂತೂ ಇಲ್ಲವೇ ಇಲ್ಲ. ಆದರೂ ಬೆಳೆಯುವ ಪ್ರತಿ ಹಂತಕ್ಕೂ ಒಂದು ಮೆಟ್ಟಿಲು ಇತ್ತು.

ಈ ಏಣಿಯನ್ನು ತುದಿಯವರೆಗೆ ಹತ್ತಿದವರಲ್ಲಿ ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪ ಮುಖ್ಯರು. 1914ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿ, ಸ್ತ್ರೀಪಾತ್ರಗಳಲ್ಲಿ ಹೆಸರು ಮಾಡಿ, ಗಾಯಕನಟರಾಗಿ ನಾಯಕರ ಸ್ಥಾನಕ್ಕೆ ಬಂದು, ಕಲಾವೈಭವ ನಾಟ್ಯ ಸಂಘ ಕಟ್ಟಿ ಮಾಲೀಕರಾದರು. ಬಸವೇಶ್ವರನ ಪಾತ್ರ ಅವರಿಗೆ ನಾಡಿನಾದ್ಯಂತ ಗೌರವ ತಂದಿತು. 2017ರ ಆಗಸ್ಟ್‌ನಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ರಂಗದ ಮನುಷ್ಯರೇ ಆಗಿದ್ದರು.

ಕೆಲವು ಹುಡುಗರಿಗೆ ಕಂಪನಿ ಬೇರೆಯ ಬಾಗಿಲು ತೆರೆಯಿತು. ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ ಮನಸೂರರು ಒಂಬತ್ತರ ವಯಸ್ಸಿನಲ್ಲಿ ಅಣ್ಣನ ಜತೆ ರಂಗಕ್ಕೆ ಬಂದವರು. ಅವರ ಮೊದಲ ಸಂಗೀತಪಾಠ ಅಪ್ಪಯ್ಯಸ್ವಾಮಿಗಳಿಂದ ಆಯಿತು. ಮುಂದೆ ಮಿರಜಿನಲ್ಲಿ ನೀಲಕಂಠಬುವಾ ಆಲೂರಮಠರ ಬಳಿ ಗ್ವಾಲಿಯರ್ ಘರಾಣೆಯ ಅಭ್ಯಾಸ, ಆಮೇಲೆ ಮಂಜಿಖಾನರ ಬಳಿ ಜೈಪುರ ಘರಾಣೆ. 1992ರಲ್ಲಿ ಪದ್ಮವಿಭೂಷಣ ಪಡೆದ ಈ ಗಾಯಕ ಬಾಲನಟನಾಗಿ ಶುರುಮಾಡಿದವರು ಎಂಬುದು ಈಗ ಹೆಚ್ಚಿನವರ ನೆನಪಿನಲ್ಲಿಲ್ಲ. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತ. ಗುಬ್ಬಿ ವೀರಣ್ಣನವರು ಅವನನ್ನು ಪಾತ್ರ ಮುಗಿದ ಮೇಲೆ ಬಿಟ್ಟುಬಿಡದೆ, ಓದಿಗೆಂದು ಕಾಶಿಗೆ ಕಳಿಸಿದರು. ಆ ಹುಡುಗ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, ಮೈಸೂರಿನ ರಂಗಾಯಣ ಕಟ್ಟಿದ. ಒಬ್ಬ ಕಂಪನಿ ಮಾಲೀಕ ಒಬ್ಬ ಹುಡುಗನಿಗೆ ಮಾಡಬಹುದಾದ ಉಪಕಾರಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳ ಪ್ರಯೋಗ ಇನ್ನೂ ಅಪೂರ್ವವಾದದ್ದು. ಅಂಧರಾಗಿದ್ದ ಅವರು ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸತೊಡಗಿದರು. ಅದೇ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನಿಂತಿತು. ಅಷ್ಟು ಮಕ್ಕಳ ಅನ್ನಕ್ಕೆ ದಾರಿ ಹುಡುಕುವಾಗ ಆಶ್ರಮವೇ ನಾಟಕ ಕಂಪನಿ ಕಟ್ಟಿತು. ಶಿಷ್ಯ ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಸಂಗೀತ ಕೂಡಿಸಿದರು, ಆಶ್ರಮದ ಹುಡುಗರು ಪಾತ್ರ ಮಾಡಿದರು. ಗಳಿಕೆ ಆ ಹುಡುಗರ ಊಟಕ್ಕೆ, ಪಾಠಕ್ಕೆ ಹೋಯಿತು. ಮಗುವಿನ ದುಡಿಮೆಯ ಫಲ ಮಗುವಿಗೇ ಸೇರಬೇಕೆಂದು ಕಾನೂನು ಹೇಳುವುದಕ್ಕೆ ಎಷ್ಟೋ ದಶಕ ಮೊದಲೇ ನಮ್ಮ ಮಗ್ಗುಲಲ್ಲೇ ಇದು ನಡೆದುಹೋಗಿದೆ. ಬಾಲನಟರ ಚರಿತ್ರೆ ಬರೆಯುವವರು ಪುಣ್ಯಾಶ್ರಮವನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಬೆಳ್ಳಿತೆರೆಯ ಮಕ್ಕಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದದ್ದು 1934ರಲ್ಲಿ. ಅದೇ ವರ್ಷ ಬಂದ ‘ಭಕ್ತ ಧ್ರುವ’ದ ಕೇಂದ್ರಪಾತ್ರ ಒಬ್ಬ ಬಾಲಕನದು. ಕಂಪನಿಯ ಕಥೆ, ಕಂಪನಿಯ ಹಾಡು, ಕಂಪನಿಯ ಹುಡುಗ ಒಟ್ಟಿಗೇ ತೆರೆಗೆ ಬಂದಂತಾಯಿತು. ಗಾಜನೂರಿನ ಮುತ್ತುರಾಜ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜತೆ ಗುಬ್ಬಿ ಕಂಪನಿಯಲ್ಲಿ ಬೆಳೆದು, 1942ರ ‘ಭಕ್ತ ಪ್ರಹ್ಲಾದ’ದಲ್ಲಿ ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡ. 1954ರ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ಅವನು ರಾಜಕುಮಾರ್ ಆಗಿದ್ದ. ನಡುವಿನ ಹನ್ನೆರಡು ವರ್ಷ ಕಂಪನಿಯ ಏಣಿಯಲ್ಲೇ ಕಳೆದವು. ಕಲಿಯಲು, ಸೋಲಲು, ದನಿ ಪಳಗಿಸಲು ಅಲ್ಲಿ ಅವಕಾಶವಿತ್ತು. ಈ ಅವಕಾಶ ನೇರವಾಗಿ ಕ್ಯಾಮೆರಾದ ಮುಂದೆ ನಿಂತ ಮಕ್ಕಳಿಗೆ ಮುಂದೆ ಸಿಗಲಿಲ್ಲ.

ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳು ಮಗುವಿನಿಂದ ಬೇರೆಯದನ್ನೇ ಕೇಳಿದವು. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರದ ಕಿಟ್ಟಿ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದ ನಾಣಿ ಹಾಡುವುದಿಲ್ಲ, ಭಾಷಣ ಮಾಡುವುದಿಲ್ಲ. ಅವರು ನೋಡುತ್ತಾರೆ. ದೊಡ್ಡವರ ಹಗೆ, ಕಾಮ, ಬಹಿಷ್ಕಾರಗಳೆಲ್ಲ ಆ ಕಣ್ಣುಗಳ ಮೂಲಕ ನಮಗೆ ಮುಟ್ಟುತ್ತವೆ. ಕಿಟ್ಟಿಯಾದ ಜಿ.ಎಸ್. ನಟರಾಜ್, ನಾಣಿಯಾದ ಅಜಿತ್ ಕುಮಾರ್ ಇಬ್ಬರಿಗೂ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಬಹಿಷ್ಕಾರಕ್ಕೊಳಗಾದ ಯಮುನಕ್ಕನನ್ನು ಕಳೆದುಕೊಂಡು ಊರು ಬಿಟ್ಟು ಹೊರಡುವ ನಾಣಿಯ ಮುಖದಷ್ಟು ದುಗುಡ ತುಂಬಿದ ಮುಖವನ್ನು ಕನ್ನಡ ಸಿನಿಮಾ ಮತ್ತೆ ತೋರಿಸಿದ್ದು ಕಡಿಮೆ.

ಪುನೀತ್ ರಾಜಕುಮಾರ್ ಅವರದು ಮತ್ತೊಂದು ತೆರನ ಬಾಲ್ಯ. 1975ರಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ಯಲ್ಲಿ ಕಾಣಿಸಿಕೊಂಡವರು. ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’ ಚಿತ್ರಗಳಿಗೆ ರಾಜ್ಯಪ್ರಶಸ್ತಿ ಪಡೆದರು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ತಂದೆ ಹಿರಣ್ಯಕಶಿಪು, ಮಗ ಪ್ರಹ್ಲಾದ. ಇವೆಲ್ಲಕ್ಕಿಂತ ತೂಕದ್ದು ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ‘ಬೆಟ್ಟದ ಹೂವು’ (1985). ರಾಮಾಯಣ ದರ್ಶನಂ ಕೊಳ್ಳುವ ಆಸೆಯಿಂದ ಕಾಸು ಕೂಡಿಡುವ ಬಡ ಹುಡುಗ ರಾಮು, ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ಕೊಂಡು ತರುತ್ತಾನೆ. ಪುಸ್ತಕದಂಗಡಿಯ ಮುಂದೆ ನಿಂತ ಆ ಹುಡುಗನ ಆಸೆಗೂ ಹೊಣೆಗೂ ನಡುವಿನ ತೊಳಲಾಟವನ್ನು ಹತ್ತು ವರ್ಷದ ನಟ ಮಾತಿಲ್ಲದೆ ತೋರಿಸಿದ್ದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. 1989ರ ‘ಪರಶುರಾಮ್’ ನಂತರ ಅವರು ತೆರೆಯಿಂದ ದೂರ ಸರಿದರು. ನಾಯಕರಾಗಿ ಮರಳಿದ್ದು 2002ರ ‘ಅಪ್ಪು’ವಿನಲ್ಲಿ. ಆ ದೀರ್ಘ ವಿರಾಮ ಅವರಿಗೆ ಒದಗಿದ್ದು ಮನೆತನದ ಬೆಂಬಲದಿಂದ. ಎಲ್ಲ ಬಾಲನಟರಿಗೂ ಅಂಥ ಮನೆ ಇರುವುದಿಲ್ಲ. 2012ರಿಂದ ‘ಕನ್ನಡದ ಕೋಟ್ಯಧಿಪತಿ’ಯ ನಿರೂಪಕರಾಗಿ ಕಿರುತೆರೆಯಲ್ಲೂ ಮನೆಮಾತಾದ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡರು.

ಮಾಲ್ಗುಡಿಯ ಸ್ವಾಮಿ

ಕಿರುತೆರೆಯ ಬಾಲನಟ ಎಂದಾಕ್ಷಣ ಕನ್ನಡಿಗರಿಗೆ ಮೊದಲು ಹೊಳೆಯುವ ಹೆಸರು ಮಾಸ್ಟರ್ ಮಂಜುನಾಥ್. 1976ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ತೀರ ಚಿಕ್ಕ ವಯಸ್ಸಿನಲ್ಲೇ ಕನ್ನಡ ಚಿತ್ರಗಳಲ್ಲಿ ಪುಟ್ಟ ಪಾತ್ರ ಮಾಡಲು ಶುರುಮಾಡಿದ್ದರು. ಅವರನ್ನು ಇಡೀ ದೇಶಕ್ಕೆ ಪರಿಚಯಿಸಿದ್ದು ಶಂಕರ್ ನಾಗ್ ನಿರ್ದೇಶಿಸಿ, ಟಿ.ಎಸ್. ನರಸಿಂಹನ್ ನಿರ್ಮಿಸಿದ ಹಿಂದಿ ಧಾರಾವಾಹಿ ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಪಾತ್ರ.

ಆ ಕಾಲದ ಟಿವಿಯ ಸ್ಥಿತಿ ನೆನಪಿಸಿಕೊಳ್ಳಬೇಕು. ದೇಶದ ಮೊದಲ ದೊಡ್ಡ ಧಾರಾವಾಹಿ ‘ಹಮ್ ಲೋಗ್’ ಶುರುವಾದದ್ದು 1984ರಲ್ಲಿ. ಇದ್ದದ್ದು ದೂರದರ್ಶನವೊಂದೇ. ಸವಣೂರಿನಂಥ ತಾಲ್ಲೂಕು ಊರಿನಲ್ಲಿ ಮಾಳಿಗೆಯ ಮೇಲೆ ಆಂಟೆನಾ ಇದ್ದ ಮನೆಗಳು ಎಣಿಸುವಷ್ಟು. ಆ ಮನೆಯ ಪಡಸಾಲೆಯೇ ಓಣಿಯ ಥಿಯೇಟರು. ಹಿಂದಿ ಸರಿಯಾಗಿ ತಿಳಿಯದ ಅಜ್ಜಿಯರೂ ಸ್ವಾಮಿಯನ್ನು ನೋಡಲು ಬಂದು ಕೂರುತ್ತಿದ್ದರು. ಏಕೆಂದರೆ ಆ ಹುಡುಗ ಮಾತಾಡುತ್ತಿದ್ದ ಭಾಷೆ ಹಿಂದಿಯಾದರೂ ಅವನ ಓಣಿ, ಅವನ ಮನೆಯ ಕಂಬ, ಅವನ ಅಜ್ಜಿ, ಅವನಿಗೆ ಬೀಳುತ್ತಿದ್ದ ಬೈಗುಳ ಎಲ್ಲವೂ ನಮ್ಮವೇ ಆಗಿದ್ದವು.

ಇದಕ್ಕೆ ಕಾರಣವೂ ಇತ್ತು. ಆರ್.ಕೆ. ನಾರಾಯಣ್ 1935ರಲ್ಲಿ ಪ್ರಕಟಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಕಲ್ಪಿತ ಊರಿಗೆ ಶಂಕರ್ ನಾಗ್ ಆರಿಸಿಕೊಂಡದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ಅಲ್ಲಿಯ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ಆಗುಂಬೆಯ ಓಣಿಯೇ ಮಾಲ್ಗುಡಿಯ ಬೀದಿ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಮಾಲ್ಗುಡಿ ಸ್ಟೇಷನ್ನಾಗಿ ಕಾಣಿಸಿಕೊಂಡಿತು. 2020ರಲ್ಲಿ ರೈಲ್ವೆಯವರು ಆ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಛಾಯಾಗ್ರಾಹಕ ಎಸ್. ರಾಮಚಂದ್ರ ಕನ್ನಡದ ಹೊಸ ಅಲೆಯ ಚಿತ್ರಗಳ ಕಣ್ಣಾಗಿದ್ದವರು. ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣ್ ಗೆರೆಚಿತ್ರಗಳು. ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಬೇರೆ ಬೇರೆ ಕಂತುಗಳಲ್ಲಿ ಅನಂತ್ ನಾಗ್, ವಿಷ್ಣುವರ್ಧನ್, ಬಿ. ಜಯಶ್ರೀ, ಅರುಂಧತಿ ನಾಗ್. ಹಿಂದಿ ಧಾರಾವಾಹಿಯೊಂದನ್ನು ಕನ್ನಡ ರಂಗಭೂಮಿ ಮತ್ತು ಕನ್ನಡ ಚಿತ್ರರಂಗ ಸೇರಿ ಕಟ್ಟಿದ್ದು ಎಂದರೆ ಸರಿಯಾದೀತು. ಇಷ್ಟು ದೊಡ್ಡ ನಟರ ನಡುವೆ ಒಂಬತ್ತು ಹತ್ತು ವರ್ಷದ ಹುಡುಗ ಕಥೆಯನ್ನು ಹೊತ್ತ.

ಮಂಜುನಾಥ್ ಅಭಿನಯದ ಗುಣವನ್ನು ಒಂದು ದೃಶ್ಯದಿಂದ ಹೇಳಬಹುದು. ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಕ್ರಿಕೆಟ್ ಪಂದ್ಯದ ದಿನ ಸ್ವಾಮಿ ಕಾಣೆಯಾಗಿದ್ದಕ್ಕೆ ರಾಜಂ ಮುನಿದಿದ್ದಾನೆ, ಮಾತು ಬಿಟ್ಟಿದ್ದಾನೆ. ಸ್ವಾಮಿ ಕೈಯಲ್ಲೊಂದು ಪುಸ್ತಕ ಹಿಡಿದು ಸ್ಟೇಷನ್ನಿಗೆ ಬರುತ್ತಾನೆ. ರೈಲು ಸಿಳ್ಳೆ ಹಾಕುತ್ತದೆ. ಗೆಳೆಯ ಕ್ಷಮಿಸಿದನೋ ಇಲ್ಲವೋ ಹುಡುಗನಿಗೆ ಕೊನೆಗೂ ತಿಳಿಯುವುದಿಲ್ಲ. ಇಂಥ ಕಡೆ ಸಿನಿಮಾದ ಬಾಲನಟರು ಅಳುತ್ತಿದ್ದರು, ಏಕೆಂದರೆ ಅಳಲು ಹೇಳಿಕೊಡುತ್ತಿದ್ದರು. ಮಂಜುನಾಥ್ ಅಳುವುದಕ್ಕಿಂತ ಹೆಚ್ಚಾಗಿ ಗಲಿಬಿಲಿಗೊಳ್ಳುತ್ತಾರೆ. ಏನು ಮಾಡಬೇಕೆಂದು ತಿಳಿಯದ ಮಗುವಿನ ಗಲಿಬಿಲಿ ಅದು. ಹೆಡ್‌ಮಾಸ್ತರರ ಬೆತ್ತದ ಮುಂದೆ, ಅಪ್ಪನ ಕೋಣೆಯ ಬಾಗಿಲಲ್ಲಿ, ಅಜ್ಜಿಗೆ ದೊಡ್ಡಸ್ತಿಕೆಯ ಸುದ್ದಿ ಹೇಳುವಾಗ ಅವರ ಮೈ ಬೇರೆ ಬೇರೆ ಥರ ನಿಲ್ಲುತ್ತದೆ. ಒಂದೇ ಹುಡುಗ ಮೂವರ ಎದುರು ಮೂವರು ಹುಡುಗರಾಗುವುದನ್ನು ಗಮನಿಸಿದರೆ, ಆ ವಯಸ್ಸಿಗೆ ಅದು ಎಷ್ಟು ಸೂಕ್ಷ್ಮವಾದ ನಟನೆ ಎಂದು ಗೊತ್ತಾಗುತ್ತದೆ. ಕಂತುಗಳಿಂದ ರೂಪಿಸಿದ ‘ಸ್ವಾಮಿ’ ಚಿತ್ರಕ್ಕಾಗಿ 1987ರ ಸಾಲಿನ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಅವರ ಪಾಲಾಯಿತು.

1990ರಲ್ಲಿ ಮುಕುಲ್ ಆನಂದ್ ನಿರ್ದೇಶನದ ಹಿಂದಿ ಚಿತ್ರ ‘ಅಗ್ನಿಪಥ್’ನಲ್ಲಿ ಅವರು ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವನ್ನು ಮಾಡಿದರು. ತಂದೆಯ ಕೊಲೆ ಕಂಡ ವಿಜಯ್ ದೀನಾನಾಥ್ ಚೌಹಾನ್ ಎಂಬ ಆ ಹುಡುಗನಲ್ಲಿ ಸ್ವಾಮಿಯ ಲವಲೇಶವೂ ಇಲ್ಲ. ಬಿಗಿದ ದವಡೆ, ತಣ್ಣಗಿನ ದೃಷ್ಟಿ. ಮುಂದೆ ಬಚ್ಚನ್ ಬಂದಾಗ ಪ್ರೇಕ್ಷಕ ಆ ಸಿಟ್ಟನ್ನು ನಂಬುವುದು ಈ ಹುಡುಗ ಹಾಕಿಕೊಟ್ಟ ತಳಪಾಯದಿಂದ. ಅದೇ ವರ್ಷದ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ನಡೆದ ಅಪಘಾತದಲ್ಲಿ ಶಂಕರ್ ನಾಗ್ ಇಲ್ಲವಾದರು. ಮಂಜುನಾಥ್‌ಗೆ ಆಗ ಹದಿಮೂರು. ತನ್ನನ್ನು ಗುರುತಿಸಿ ಬೆಳೆಸಿದ ನಿರ್ದೇಶಕ ಹೋದದ್ದು, ದನಿ ಒಡೆಯುವ ವಯಸ್ಸು ಬಂದದ್ದು ಒಂದೇ ಹೊತ್ತಿಗೆ.

ಹತ್ತೊಂಬತ್ತರ ಸುಮಾರಿಗೆ ಅವರು ನಟನೆ ಬಿಟ್ಟರು. ಅಷ್ಟರಲ್ಲಿ ಹಲವು ಭಾಷೆಗಳ ಅರವತ್ತಕ್ಕೂ ಹೆಚ್ಚು ಚಿತ್ರಗಳು ಬೆನ್ನಿಗಿದ್ದವು. ಓದು ಮುಂದುವರಿಸಿ, ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸೇರಿ, ಬೆಂಗಳೂರು–ಮೈಸೂರು ಹೆದ್ದಾರಿ ಕಾರಿಡಾರ್ ಯೋಜನೆಯಲ್ಲಿ ದುಡಿದರು. ಪತ್ರಿಕೆಗಳು ಈ ಬಗೆಯ ಜೀವನ ಬರೆಯುವಾಗ ‘ಮರೆಯಾದ ತಾರೆ’ ಎಂಬ ಪದ ಬಳಸುತ್ತವೆ. ಅದು ಅನ್ಯಾಯದ ಮಾತು. ಹತ್ತನೆಯ ವಯಸ್ಸಿಗೆ ಒಂದು ಶ್ರೇಷ್ಠ ಕೆಲಸ ಮಾಡಿ, ಹತ್ತೊಂಬತ್ತಕ್ಕೆ ಸ್ವಂತ ಬುದ್ಧಿಯಿಂದ ಬೇರೆ ದಾರಿ ಹಿಡಿದವರ ವೃತ್ತಿಜೀವನವನ್ನು ಪೂರ್ಣವೆಂದೇ ಎಣಿಸಬೇಕು. ಗವಾಯಿಯಾದ ಮನಸೂರರನ್ನು ನಾವು ಮರೆಯಾದ ಬಾಲನಟ ಎನ್ನುವುದಿಲ್ಲವಷ್ಟೇ.

ಧಾರಾವಾಹಿಗಳ ಕಾಲ

ತೊಂಬತ್ತರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದ ಮೇಲೆ ವಾರದ ಧಾರಾವಾಹಿ ದಿನದ ಧಾರಾವಾಹಿಯಾಯಿತು. ಬಾಲನಟರ ಬದುಕಿನ ಮೇಲೆ ಇದರಷ್ಟು ದೊಡ್ಡ ಪರಿಣಾಮ ಬೀರಿದ ಬದಲಾವಣೆ ಬೇರೊಂದಿಲ್ಲ. ಸಿನಿಮಾದಲ್ಲಿ ಮಗುವಿನ ಕೆಲಸ ಕೆಲವು ವಾರಗಳದು, ರಜೆಯಲ್ಲಿ ಮುಗಿಸಬಹುದು. ದಿನದ ಧಾರಾವಾಹಿಗೆ ಸೋಮವಾರದಿಂದ ಶುಕ್ರವಾರದವರೆಗೆ ಕಂತು ಬೇಕು. ಕೈಯಲ್ಲಿ ಕಂತು ಕಡಿಮೆಯಾದರೆ ಶೂಟಿಂಗ್ ರಾತ್ರಿಗೆ ಎಳೆಯುತ್ತದೆ. ಬೆಂಗಳೂರಿನ ಬಾಡಿಗೆ ಶೂಟಿಂಗ್ ಮನೆಯಲ್ಲಿ ಲೈಟು ಸರಿಪಡಿಸುವ ಹೊತ್ತಿಗೆ ಮೂಲೆಯ ಕುರ್ಚಿಯಲ್ಲಿ ಯೂನಿಫಾರ್ಮ್‌ನಲ್ಲೇ ಕೂತು ಹೋಂವರ್ಕ್ ಬರೆಯುವ ಮಗು, ಪಕ್ಕದಲ್ಲಿ ಟಿಫಿನ್ ಡಬ್ಬಿ ಹಿಡಿದ ತಾಯಿ: ಈ ಉದ್ಯಮದ ಒಳಗಿದ್ದವರಿಗೆಲ್ಲ ಪರಿಚಿತ ನೋಟ.

ಆಸ್ಟ್ರೇಲಿಯಾದ ಕಿರುತೆರೆಯೊಡನೆ ಹೋಲಿಸಿದರೆ ನಮ್ಮ ಪದ್ಧತಿಯ ಒಂದು ಕೊರತೆ ಎದ್ದು ಕಾಣುತ್ತದೆ. ಅಲ್ಲಿಯ ‘ನೇಬರ್ಸ್’ 1985ರಲ್ಲಿ, ‘ಹೋಮ್ ಅಂಡ್ ಅವೇ’ 1988ರಲ್ಲಿ ಶುರುವಾಗಿ ದಶಕಗಟ್ಟಲೆ ನಡೆದವು. ಒಂದೇ ಓಣಿಯ, ಒಂದೇ ಊರಿನ ಕಥೆ. ಹದಿಹರೆಯದಲ್ಲಿ ಬಂದ ನಟರು ಅದೇ ಪಾತ್ರದಲ್ಲಿ ವರ್ಷಗಳ ಕಾಲ ಬೆಳೆಯಬಹುದು. ಹನ್ನೊಂದರ ವಯಸ್ಸಿನಲ್ಲಿ ‘ದಿ ಸಲಿವನ್ಸ್’ನಲ್ಲಿ ಸಣ್ಣ ಪಾತ್ರ ಮಾಡಿದ ಕೈಲಿ ಮಿನೋಗ್ 1986ರಲ್ಲಿ ‘ನೇಬರ್ಸ್’ ಸೇರಿ, ಅಲ್ಲಿಂದ ಜಗತ್ತಿಗೇ ಗೊತ್ತಾದ ಗಾಯಕಿಯಾದರು. ಅಂದರೆ ಧಾರಾವಾಹಿಯೇ ಅಲ್ಲಿ ಒಂದು ಏಣಿ. ನಮ್ಮಲ್ಲಿ ಮಗುವಿನ ಪಾತ್ರ ಜನಪ್ರಿಯವಾಗುತ್ತಿದ್ದಂತೆ ಕಥೆ ಹತ್ತು ಹನ್ನೆರಡು ವರ್ಷ ಮುಂದಕ್ಕೆ ಜಿಗಿಯುತ್ತದೆ, ಮಗುವಿನ ಜಾಗಕ್ಕೆ ಬೆಳೆದ ನಟಿ ಬರುತ್ತಾರೆ. 2012ರಲ್ಲಿ ಶುರುವಾದ ‘ಪುಟ್ಟಗೌರಿ ಮದುವೆ’ಯಲ್ಲಿ ಬಾಲ್ಯವಿವಾಹಕ್ಕೆ ಸಿಕ್ಕ ಪುಟ್ಟ ಗೌರಿಯಾಗಿ ಸಾನ್ಯಾ ಅಯ್ಯರ್ ಮನೆಮನೆಗೂ ತಲುಪಿದರು. ಕಥೆ ಮುಂದೆ ಜಿಗಿದಾಗ ಗೌರಿಯ ಪಾತ್ರ ರಂಜನಿ ರಾಘವನ್ ಅವರದಾಯಿತು. ಸಾನ್ಯಾ ಮತ್ತೆ ದೊಡ್ಡದಾಗಿ ಸುದ್ದಿಯಾದದ್ದು 2022ರ ಬಿಗ್ ಬಾಸ್ ಮೂಲಕ, ನಾಯಕಿಯಾದದ್ದು 2024ರ ‘ಗೌರಿ’ ಚಿತ್ರದಲ್ಲಿ. ನಡುವಿನ ವರ್ಷಗಳನ್ನು ದಾಟಿಸುವ ಹೊಣೆಯನ್ನು ಯಾವ ವಾಹಿನಿಯೂ ಹೊರುವುದಿಲ್ಲ.

ಈ ದಾಟುವಿಕೆಯನ್ನು ಚೆನ್ನಾಗಿ ಮಾಡಿದವರು ವಿಜಯ್ ರಾಘವೇಂದ್ರ. ಟಿ.ಎಸ್. ನಾಗಾಭರಣರ ‘ಚಿನ್ನಾರಿ ಮುತ್ತ’ದಲ್ಲಿ (1993) ಓಟಗಾರನಾಗುವ ಹಳ್ಳಿ ಹುಡುಗನಾಗಿ ನಾಡಿನ ಮಕ್ಕಳನ್ನೆಲ್ಲ ಗೆದ್ದರು. ಮರುವರ್ಷ ಕುಂ. ವೀರಭದ್ರಪ್ಪನವರ ಕಥೆಯಾಧಾರಿತ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನದ ‘ಕೊಟ್ರೇಶಿ ಕನಸು’ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ದಲಿತ ಹುಡುಗನೊಬ್ಬನ ಓದಿನ ಆಸೆಗೆ ಊರೇ ಅಡ್ಡನಿಲ್ಲುವ ಆ ಕಥೆ ಬಳ್ಳಾರಿ ಕಡೆಯ ಮಣ್ಣಿನದು; ಉತ್ತರ ಕರ್ನಾಟಕದ ಮಗುವಿನ ಬದುಕು ಅಷ್ಟು ನೇರವಾಗಿ ತೆರೆಗೆ ಬಂದದ್ದು ಅಪರೂಪ. ವಿಜಯ್ 2002ರ ‘ನಿನಗಾಗಿ’ಯಿಂದ ನಾಯಕರಾದರು, 2013ರಲ್ಲಿ ಕನ್ನಡದ ಮೊದಲ ಬಿಗ್ ಬಾಸ್ ಗೆದ್ದರು, 2016ರಲ್ಲಿ ಜೀ ಕನ್ನಡದ ‘ಡ್ರಾಮಾ ಜೂನಿಯರ್ಸ್’ನಲ್ಲಿ ಟಿ.ಎನ್. ಸೀತಾರಾಮ್ ಮತ್ತು ಲಕ್ಷ್ಮಿಯವರ ಜತೆ ತೀರ್ಪುಗಾರರಾದರು. ಹುಡುಗ ಮಾಸ್ತರನಾಗುವ ಕಂಪನಿಯ ಹಳೆಯ ಕ್ರಮ ಇಲ್ಲಿ ಹೊಸ ರೂಪದಲ್ಲಿ ಕಂಡಿತು.

‘ಪಾಪ ಪಾಂಡು’ ಹಾಸ್ಯ ಧಾರಾವಾಹಿಯಲ್ಲಿ ಕಾಣಿಸಿಕೊಂಡಿದ್ದ ಕಿಶನ್ ಶ್ರೀಕಾಂತ್ ಕ್ಯಾಮೆರಾದ ಹಿಂದಕ್ಕೇ ಹೋಗಿ, ಹತ್ತರ ವಯಸ್ಸಿನಲ್ಲಿ ‘ಕೇರ್ ಆಫ್ ಫುಟ್‌ಪಾತ್’ (2006) ನಿರ್ದೇಶಿಸಿ ಗಿನ್ನೆಸ್ ದಾಖಲೆ ಬರೆದ. ಆ ಚಿತ್ರ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಈಚಿನ ವರ್ಷಗಳಲ್ಲಿ ‘ರೈಲ್ವೆ ಚಿಲ್ಡ್ರನ್’ನ ಮನೋಹರ, ‘ಒಂದಲ್ಲಾ ಎರಡಲ್ಲಾ’ದ ರೋಹಿತ್ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದಿದ್ದಾರೆ. ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳನ್ನೇ ನಾಯಕರನ್ನಾಗಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018) ಮಕ್ಕಳ ಚಿತ್ರ ವಿಭಾಗದಲ್ಲಿ ಗೆದ್ದಿತು.

ಕಾನೂನು

ಅಮೆರಿಕದಲ್ಲಿ ಚಾಪ್ಲಿನ್ನನ ‘ದಿ ಕಿಡ್’ (1921) ಚಿತ್ರದ ಹುಡುಗ ಜಾಕಿ ಕೂಗನ್ ಬೆಳೆದು ನೋಡಿದಾಗ ತನ್ನ ಗಳಿಕೆಯೆಲ್ಲ ಮನೆಯವರ ಕೈಯಲ್ಲೇ ಕರಗಿಹೋಗಿತ್ತು. ಅವನು ಕೋರ್ಟಿಗೆ ಹೋದದ್ದರಿಂದ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆ ಕಾಯುವ ಕಾನೂನು ಬಂತು. ಭಾರತದಲ್ಲಿ ಸ್ಪಷ್ಟ ನಿಯಮ ಬರಲು 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆ, ಅದರಡಿ 2017ರಲ್ಲಿ ರೂಪುಗೊಂಡ ನಿಯಮಗಳವರೆಗೆ ಕಾಯಬೇಕಾಯಿತು. ಹದಿನಾಲ್ಕರ ಒಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದ ಕಾಯ್ದೆ, ಕಲಾವಿದರಾಗಿ ದುಡಿಯುವ ಮಕ್ಕಳಿಗೆ ಷರತ್ತುಗಳೊಡನೆ ವಿನಾಯಿತಿ ಕೊಟ್ಟಿದೆ. ಸರ್ಕಸ್ಸಿಗೆ ಆ ವಿನಾಯಿತಿ ಇಲ್ಲ.

ಷರತ್ತುಗಳು ಹೀಗಿವೆ. ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿಯನ್ನು ನಿರ್ಮಾಪಕರು ಮೊದಲೇ ಪಡೆಯಬೇಕು. ಸತತ 27 ದಿನಕ್ಕಿಂತ ಹೆಚ್ಚು ತೊಡಗಿಸಬಾರದು. ಐದು ಮಕ್ಕಳಿಗೊಬ್ಬರಂತೆ ಹೊಣೆಗಾರರನ್ನು ನೇಮಿಸಬೇಕು. ಶಾಲೆ ತಪ್ಪಬಾರದು. ಗಳಿಕೆಯ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಸೇರಿ, ಪ್ರಾಯಕ್ಕೆ ಬಂದ ಮೇಲೆ ಅವರ ಕೈಗೇ ಸಿಗಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಪಾತ್ರ ಮಾಡಿಸಬಾರದು. ನಿಯಮಗಳು ಒಳ್ಳೆಯವು. ಠೇವಣಿಯ ಪಾಲು ಇನ್ನೂ ಹೆಚ್ಚಿರಬೇಕಿತ್ತು, ದುಡಿದದ್ದು ಮಗುವೇ ಆದ್ದರಿಂದ.

ಈಗ ಸವಣೂರು, ಶಿಗ್ಗಾವಿಯಂಥ ಊರುಗಳಿಂದಲೂ ಶಾಲೆಯ ಗ್ಯಾದರಿಂಗ್‌ನಲ್ಲಿ ಚಪ್ಪಾಳೆ ಗಿಟ್ಟಿಸಿದ ಮಕ್ಕಳನ್ನು ಕರೆದುಕೊಂಡು ತಂದೆತಾಯಿ ಹುಬ್ಬಳ್ಳಿ, ಬೆಂಗಳೂರಿನ ಆಡಿಷನ್ನಿಗೆ ಬಸ್ಸು ಹತ್ತುತ್ತಾರೆ. ಹತ್ತಲಿ, ಮಕ್ಕಳು ಆಡಲಿ, ಹಾಡಲಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮಾತ್ರ ಮೂರನ್ನು ಕೇಳಿ ಪಡೆಯಿರಿ: ಜಿಲ್ಲಾ ದಂಡಾಧಿಕಾರಿಯ ಅನುಮತಿ ಪತ್ರದ ಪ್ರತಿ, ದಿನದ ಶೂಟಿಂಗ್ ವೇಳೆಯ ಲಿಖಿತ ಪಟ್ಟಿ, ಮಗುವಿನ ಹೆಸರಿನ ಠೇವಣಿ ಖಾತೆಯ ಸಂಖ್ಯೆ. ಕೊಡಲು ಹಿಂದೆಮುಂದೆ ನೋಡುವವರ ಸೆಟ್ಟಿಗೆ ಮಗುವನ್ನು ಕಳಿಸಬೇಡಿ.